ಎರಡೇ ಸಲ ನಡೆದು ಮುಗಿದ ಗೋಥಮ್ ಬೌಲ್ ಬಗ್ಗೆ ಯಾರಾದರೂ ಕೇಳಿದ್ದೀರಾ?

ಗೋವಿನಜೋಳ (ಲಿಂಕನ್, ನೆಬ್ರಾಸ್ಕಾ)

ನಮಸ್ಕಾರ. ಕ್ರಿಕೆಟ್ ಬಿಟ್ಟು ಬೇರೆ ಆಟದ ಬಗ್ಗೆ ಬರೆದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ ಅಂತ ಗೊತ್ತು. ಆದರೂ ಬರೆಯುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ.

ನಾನಿರುವುದು ಲಿಂಕನ್‌ನಲ್ಲಿ. ಇಲ್ಲಿ ಶನಿವಾರ ಯೂನಿವರ್ಸಿಟಿ ತಂಡದ ಫುಟ್‌ಬಾಲ್ ಇದ್ದರೆ ಊರಿಗೆ ಊರೇ ಕೆಂಪು ಬಟ್ಟೆ ಹಾಕಿಕೊಂಡು ಹೊರಡುತ್ತದೆ. ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವುದಲ್ಲ, ಅಮೆರಿಕದವರ ಆಟ, ಮೊಟ್ಟೆಯಾಕಾರದ ಚೆಂಡಿನದು. ತಂಡದ ಹೆಸರು ಕಾರ್ನ್‌ಹಸ್ಕರ್ಸ್. ಜೋಳದ ತೆನೆ ಸುಲಿಯುವವರು! ಹಾವೇರಿ ಕಡೆಯವನಾದ ನನಗೆ ಬಂದ ದಿನವೇ ಇದು ನಮ್ಮ ತಂಡ ಅನ್ನಿಸಿಬಿಟ್ಟಿತು.

ನಾನು ತಲೆಗೂದಲು ಕತ್ತರಿಸಿಕೊಳ್ಳಲು ಹೋಗುವ ಅಂಗಡಿಯಲ್ಲಿ ಒಬ್ಬ ಅಜ್ಜ ಇದ್ದಾರೆ. ಕುತ್ತಿಗೆಗೆ ಬಟ್ಟೆ ಕಟ್ಟಿ ಕತ್ತರಿ ಹಿಡಿದರೆ ಮುಗಿಯಿತು, 1962ರ ಕಥೆ ಶುರು. ಆ ವರ್ಷ ನೆಬ್ರಾಸ್ಕಾ ತಂಡಕ್ಕೆ ನ್ಯೂಯಾರ್ಕ್‌ನಿಂದ ಕರೆ ಬಂತಂತೆ. ಗೋಥಮ್ ಬೌಲ್ ಆಡಿ ಅಂತ. ಆಟಗಾರರು ಸೂಟ್‌ಕೇಸ್ ಹಿಡಿದು ವಿಮಾನ ಹತ್ತಿದರು. ವಿಮಾನ ಮಾತ್ರ ಹೊರಡಲಿಲ್ಲ. ಯಾಕೆ? ಕರೆದವರು ಕೊಡಬೇಕಾದ ದುಡ್ಡಿನ ಚೆಕ್ ಬ್ಯಾಂಕಿನಲ್ಲಿ ಪಾಸಾಗುವ ತನಕ ಹೊರಡಬೇಡಿ ಅಂತ ಯೂನಿವರ್ಸಿಟಿಯವರು ಪಟ್ಟು ಹಿಡಿದಿದ್ದರು. ಲಿಂಕನ್‌ನಲ್ಲಿ ಇದು ಮಕ್ಕಳಿಗೂ ಗೊತ್ತಿರುವ ಕಥೆ. ನಮ್ಮ ಅಜ್ಜ ಹೇಳುವಾಗ ಮಾತ್ರ ಚೆಕ್ಕಿನ ಮೊತ್ತ ಪ್ರತಿ ತಿಂಗಳೂ ಏರುತ್ತದೆ.

1962ರ ಡಿಸೆಂಬರ್ 15, ಶನಿವಾರ. ಯಾಂಕಿ ಸ್ಟೇಡಿಯಂ. ಹತ್ತಿರ ಹತ್ತಿರ 67,000 ಜನ ಹಿಡಿಸುವ ಜಾಗ. ಬಂದವರು 6,166. ಚಳಿ ಮೈನಸ್ 10 ಡಿಗ್ರಿ ಸೆಲ್ಸಿಯಸ್ ಆಸುಪಾಸು. ನೆಬ್ರಾಸ್ಕಾ 36, ಮಯಾಮಿ 34. ಅಷ್ಟೇ, ಗೋಥಮ್ ಬೌಲ್ ಅಲ್ಲಿಗೆ ಮುಗಿಯಿತು. ಮೂರನೇ ಸಲ ನಡೆಯಲೇ ಇಲ್ಲ.

ನನ್ನ ಪ್ರಶ್ನೆ: ಅಷ್ಟು ದೊಡ್ಡ ಊರು, ಅಷ್ಟು ಒಳ್ಳೆ ಪಂದ್ಯ, ಆದರೂ ಯಾಕೆ ಉಳಿಯಲಿಲ್ಲ?

ಹೊಸಬ

ಗುರುಗಳೇ, ಮೊದಲು ಬೌಲ್ ಅಂದರೆ ಏನು ಹೇಳಿ. ಬಟ್ಟಲಿಗೂ ಆಟಕ್ಕೂ ಏನು ಸಂಬಂಧ? ಗೆದ್ದವರಿಗೆ ಬಟ್ಟಲು ಕೊಡುತ್ತಾರಾ?

ಗೋವಿನಜೋಳ

ಬಟ್ಟಲು ಸ್ಟೇಡಿಯಮ್ಮಿನದು. ಯೇಲ್ ಯೂನಿವರ್ಸಿಟಿ 1914ರಲ್ಲಿ ಕಟ್ಟಿದ ಮೈದಾನ ಬಟ್ಟಲಿನ ಥರ ಇತ್ತು, ಯೇಲ್ ಬೌಲ್ ಅಂತ ಹೆಸರಾಯಿತು. ಆಮೇಲೆ ಕ್ಯಾಲಿಫೋರ್ನಿಯಾದ ಪಾಸಡೀನದಲ್ಲಿ ಅದೇ ರೀತಿ ಕಟ್ಟಿ ರೋಸ್ ಬೌಲ್ ಅಂದರು. ಅಲ್ಲಿ ಹೊಸ ವರ್ಷದ ದಿನ ನಡೆಯುವ ಪಂದ್ಯಕ್ಕೂ ಅದೇ ಹೆಸರು ಅಂಟಿಕೊಂಡಿತು. ಆ ಪಂದ್ಯಕ್ಕೆ ಜನ ಮುಗಿಬೀಳುವುದು ನೋಡಿ ಬೇರೆ ಊರಿನವರಿಗೂ ಆಸೆ ಹುಟ್ಟಿತು. ಫ್ಲಾರಿಡಾದವರು ಆರೆಂಜ್ ಬೌಲ್ ಮಾಡಿದರು, ಟೆಕ್ಸಸ್‌ನವರು ಕಾಟನ್ ಬೌಲ್, ನ್ಯೂ ಆರ್ಲಿಯನ್ಸ್‌ನವರು ಶುಗರ್ ಬೌಲ್. ಅವರವರ ಊರಲ್ಲಿ ಬೆಳೆಯುವುದು ಅವರವರ ಹೆಸರಿಗೆ.

ಲೀಗ್ ಎಲ್ಲ ಮುಗಿದ ಮೇಲೆ, ಡಿಸೆಂಬರ್–ಜನವರಿಯಲ್ಲಿ ಆಡುವ ಒಂದು ಪಂದ್ಯ ಅಷ್ಟೇ. ಊರಿನವರು ಎರಡು ತಂಡ ಕರೆಸುತ್ತಾರೆ, ಖರ್ಚು ಮತ್ತು ಸಂಭಾವನೆ ಕೊಡುತ್ತಾರೆ. ಚಳಿಗಾಲದಲ್ಲಿ ಬೆಚ್ಚಗಿನ ಊರಿಗೆ ಜನ ಬಂದು ಹೋಟೆಲ್ ತುಂಬಲಿ ಅನ್ನುವುದು ಒಳಗಿನ ಲೆಕ್ಕ. ಈಗ ಯೋಚಿಸಿ, ಡಿಸೆಂಬರಿನ ನ್ಯೂಯಾರ್ಕಿಗೆ ಬಿಸಿಲು ಕಾಯಿಸಲು ಯಾರು ಬರುತ್ತಾರೆ?

ಕರಾವಳಿ ಭಟ್ಟ

ಗೋಥಮ್ ಅಂದರೆ ಬ್ಯಾಟ್‌ಮ್ಯಾನ್ ಊರಲ್ಲವಾ ಮಾರಾಯ್ರೆ?

ಹಳೇ ಮೊಳೆ (ಬೆಂಗಳೂರು)

ಬ್ಯಾಟ್‌ಮ್ಯಾನ್ ಹುಟ್ಟುವ ಎಷ್ಟೋ ಮೊದಲೇ ನ್ಯೂಯಾರ್ಕಿಗೆ ಆ ಅಡ್ಡಹೆಸರು ಬಿದ್ದಿತ್ತು. 1807ರಲ್ಲಿ ವಾಷಿಂಗ್ಟನ್ ಇರ್ವಿಂಗ್ ಅನ್ನುವ ಲೇಖಕ ತಮಾಷೆಗೆ ಬಳಸಿದ್ದು. ಇಂಗ್ಲೆಂಡಿನಲ್ಲಿ ಗೋಥಮ್ ಅಂತ ಒಂದು ಹಳ್ಳಿ ಇದೆ. ಅಲ್ಲಿನವರ ಪೆದ್ದುತನದ ಕಥೆಗಳು ನಮ್ಮ ಗಾಂಪರ ಕಥೆಗಳ ಹಾಗೇ. ಗೋಥಮ್ ಅಂದರೆ ಗಾಂಪರ ಊರು ಅಂದುಕೊಳ್ಳಿ, ಸರಿಹೋಗುತ್ತದೆ.

ಕರಾವಳಿ ಭಟ್ಟ

ಹಾಗಾದರೆ ಈ ಪಂದ್ಯಕ್ಕೆ ಹೇಳಿ ಮಾಡಿಸಿದ ಹೆಸರು 😀

ಲೆಕ್ಕದ ರಂಗ

ಎರಡು ಸಲ ನಡೆಯಿತು ಅನ್ನುವುದು ಸರಿ, ಆದರೆ ಅವರು ಹೊರಟಿದ್ದು ಮೂರು ಸಲ. 1960ರಲ್ಲೇ ಮಾಡಬೇಕು ಅಂತ ಇತ್ತು. ಆರೆಗನ್ ಸ್ಟೇಟ್ ಯೂನಿವರ್ಸಿಟಿ ತಂಡ ಬರುತ್ತೇವೆ ಅಂದಿತ್ತು. ಎದುರಾಳಿ ಸಿಗಲೇ ಇಲ್ಲ! ವರ ಬಂದು ಕೂತಿದ್ದಾನೆ, ಹೆಣ್ಣೇ ಇಲ್ಲ. ಮಂಟಪ ಬಿಚ್ಚಿದರು.

1961ರ ಡಿಸೆಂಬರ್ 9ಕ್ಕೆ ಅಂತೂ ಇಂತೂ ಮೊದಲ ಪಂದ್ಯ ಆಯಿತು. ಜಾಗ ಪೋಲೋ ಗ್ರೌಂಡ್ಸ್, ಹೆಸರು ಪೋಲೋ, ಆಡುತ್ತಿದ್ದದ್ದು ಬೇಸ್‌ಬಾಲ್. ಯೂಟಾ ಸ್ಟೇಟ್ ಆ ವರ್ಷ ಒಂದೂ ಸೋತಿರಲಿಲ್ಲ, ಒಂದು ಮಾತ್ರ ಟೈ. ದೇಶದಲ್ಲಿ 10ನೇ ಸ್ಥಾನ. ಎದುರಿಗೆ ಟೆಕ್ಸಸ್‌ನ ಬೇಯ್ಲರ್, ಐದು ಗೆದ್ದು ಐದು ಸೋತಿದ್ದ ತಂಡ. ಗೆದ್ದಿದ್ದು ಬೇಯ್ಲರ್, 24–9. ಯೂಟಾ ಕಡೆ ಮರ್ಲಿನ್ ಓಲ್ಸನ್ ಆಡಿದ್ದ. ಮುಂದೆ ಲಾಸ್ ಏಂಜಲೀಸ್ ರ‍್ಯಾಮ್ಸ್‌ನಲ್ಲಿ ಬೆಟ್ಟದ ಹಾಗೆ ನಿಂತವನು, ಆಮೇಲೆ ಟಿವಿ ನಟನೂ ಆದ. ಇಷ್ಟೆಲ್ಲ ಇದ್ದೂ ಬಂದವರು 15,123.

ಒಂದು ತಂಡ ಯೂಟಾದ್ದು, ಇನ್ನೊಂದು ಟೆಕ್ಸಸ್‌ದು. ನ್ಯೂಯಾರ್ಕಿನವನಿಗೆ ಇಬ್ಬರೂ ಪರದೇಶಿಗಳೇ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಹಳೇ ಮೊಳೆ

ರಂಗ ಅವರೇ, ಸ್ವಲ್ಪ ತಾಳಿ. 1962ರ ಸೋಲಿಗೆ ಬೇರೆ ಕಾರಣ ಇದೆ. ನಾನು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿ ರಿಟೈರ್ ಆದವನು, ಹಾಗಾಗಿ ಇದು ನೆನಪಿದೆ. ಆ ವರ್ಷ ಡಿಸೆಂಬರ್ 8ಕ್ಕೆ ನ್ಯೂಯಾರ್ಕಿನಲ್ಲಿ ಮೊಳೆ ಜೋಡಿಸುವವರು ಮುಷ್ಕರ ಹೂಡಿದರು. ಊರಿನ ದೊಡ್ಡ ಪೇಪರುಗಳೆಲ್ಲ ಬಂದ್. ಮುಷ್ಕರ ಮುಗಿದದ್ದು ಮಾರ್ಚ್ ಕೊನೆಗೆ, 114 ದಿನ. ಪಂದ್ಯ ಇದ್ದದ್ದು ಮುಷ್ಕರ ಶುರುವಾಗಿ ಒಂದು ವಾರಕ್ಕೆ. ಆ ಕಾಲದಲ್ಲಿ ಪಂದ್ಯದ ಸುದ್ದಿ, ಜಾಹೀರಾತು, ಟಿಕೆಟ್ ಎಲ್ಲಿ ಸಿಗುತ್ತದೆ, ಎಲ್ಲವೂ ಪೇಪರಿನಲ್ಲೇ. ಪೇಪರ್ ಇಲ್ಲ ಅಂದರೆ ಡಂಗುರ ಸಾರುವವನಿಗೆ ಗಂಟಲು ಕಟ್ಟಿದ ಹಾಗೆ. ಜನರಿಗೆ ಪಂದ್ಯ ಇರುವುದೇ ಗೊತ್ತಾಗಲಿಲ್ಲ. ಜೊತೆಗೆ ಆ ಚಳಿ.

ಮುಷ್ಕರ ಮಾಡಿದವರದು ತಪ್ಪು ಅನ್ನುತ್ತಿಲ್ಲ. ಮೆಷಿನ್ ಬಂದರೆ ನಮ್ಮ ಗತಿ ಏನು ಅನ್ನುವ ಭಯ ಅವರದು. ಆ ಭಯ ನಮಗೂ ಬಂದಿತ್ತು, ಸ್ವಲ್ಪ ತಡವಾಗಿ.

ಸುಮಾ (ಜರ್ಸಿ ಸಿಟಿ)

ಹಳೇ ಮೊಳೆ ಸರ್, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಮರುದಿನದ ಕಥೆ ಕೇಳಿ.

ಶನಿವಾರ ಗೋಥಮ್ ಬೌಲ್ ಆಯಿತಲ್ಲ, ಭಾನುವಾರ ಡಿಸೆಂಬರ್ 16ಕ್ಕೆ ಅದೇ ಯಾಂಕಿ ಸ್ಟೇಡಿಯಂನಲ್ಲಿ ನ್ಯೂಯಾರ್ಕ್ ಜಯಂಟ್ಸ್ ಮತ್ತು ಡಾಲಸ್ ಕೌಬಾಯ್ಸ್ ಪಂದ್ಯ. ಇದು ಕಾಲೇಜ್ ಅಲ್ಲ, ದುಡ್ಡಿಗೆ ಆಡುವವರದು. ಪೇಪರ್ ಇಲ್ಲ. ಡಿಸೆಂಬರ್ ಚಳಿ. ಮೈದಾನವೂ ಅದೇ. ಬಂದವರು 60,000ಕ್ಕೂ ಜಾಸ್ತಿ! ಜಯಂಟ್ಸ್‌ನ ವೈ.ಎ. ಟಿಟಲ್ ಆರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸುವುದು) ಪಾಸ್ ಎಸೆದ, ಜಯಂಟ್ಸ್ 41–31ಕ್ಕೆ ಗೆದ್ದರು. ಇನ್ನೆರಡು ವಾರಕ್ಕೆ, ಡಿಸೆಂಬರ್ 30ಕ್ಕೆ, ಗ್ರೀನ್ ಬೇ ಜೊತೆ ಫೈನಲ್. ಆವತ್ತಿನ ಗಾಳಿ–ಚಳಿ ಇನ್ನೂ ಕೆಟ್ಟದ್ದು, ಅದಕ್ಕೂ ಸ್ಟೇಡಿಯಂ ತುಂಬಿತ್ತು.

ಚಳಿ, ಪೇಪರ್ ಎಲ್ಲ ನೆಪ ಸರ್. ಶನಿವಾರ ಮನೆಯಲ್ಲಿ ಕೂತ ಊರು ಭಾನುವಾರ ಕಂಬಳಿ ಹೊದ್ದುಕೊಂಡು ಎದ್ದು ಹೋಯಿತು. ತಮ್ಮ ತಂಡ ಆಡುತ್ತಿತ್ತಲ್ಲ.

ಹಳೇ ಮೊಳೆ

ತಾಯಿ, ಒಳ್ಳೆ ಪೆಟ್ಟು ಕೊಟ್ಟಿರಿ. ಆದರೆ ಒಂದು ಮಾತು. ಜಯಂಟ್ಸ್‌ಗೆ ಬರುತ್ತಿದ್ದವರು ವರ್ಷದ ಟಿಕೆಟ್ಟನ್ನು ಮೊದಲೇ ಕೊಂಡಿಟ್ಟವರು. ಅವರಿಗೆ ಪೇಪರ್ ಬೇಕಿರಲಿಲ್ಲ, ಗೋಡೆಯ ಕ್ಯಾಲೆಂಡರ್ ಸಾಕಿತ್ತು. ಗೋಥಮ್ ಬೌಲ್‌ನವರು ಆ ವಾರವೇ ಟಿಕೆಟ್ ಮಾರಬೇಕಿತ್ತು. ಪೇಪರ್ ಇದ್ದಿದ್ದರೆ 6,000 ಇದ್ದದ್ದು 20,000 ಆಗುತ್ತಿತ್ತೋ ಏನೋ.

ಸುಮಾ

20,000 ಆಗಿದ್ದರೂ ಆ ಸ್ಟೇಡಿಯಂನಲ್ಲಿ ಮೂರರಲ್ಲಿ ಒಂದು ಪಾಲೂ ತುಂಬುತ್ತಿರಲಿಲ್ಲ ಸರ್. ಹಿಂದಿನ ವರ್ಷ ಮುಷ್ಕರ ಇರಲಿಲ್ಲ, 15,000 ಬಂದಿದ್ದರು ಅಷ್ಟೇ.

ಲೆಕ್ಕದ ರಂಗ

ಇನ್ನೊಂದು ಸೇರಿಸುತ್ತೇನೆ. ಅದೇ ದಿನ, 1962ರ ಡಿಸೆಂಬರ್ 15ಕ್ಕೇ, ಪಕ್ಕದ ಫಿಲಡೆಲ್ಫಿಯಾದಲ್ಲಿ ಲಿಬರ್ಟಿ ಬೌಲ್ ಇತ್ತು. ಅಲ್ಲೂ ಚಳಿ, ಅಲ್ಲೂ ಖಾಲಿ ಕುರ್ಚಿಗಳೇ ಜಾಸ್ತಿ. ಆಡಿದ್ದು ಯಾರು ಗೊತ್ತಾ? 1960ರಲ್ಲಿ ಗೋಥಮ್‌ನವರು ಎದುರಾಳಿ ಹುಡುಕಿಕೊಡದ ಆರೆಗನ್ ಸ್ಟೇಟ್! ಟೆರ‍್ರಿ ಬೇಕರ್ ಒಬ್ಬನೇ 99 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಇಡೀ ಪಂದ್ಯದಲ್ಲಿ ಬಂದ ಅಂಕ ಅದೊಂದೇ. 6–0, ಸೋತದ್ದು ವಿಲನೋವಾ.

ಲಿಬರ್ಟಿ ಬೌಲ್‌ನವರು ಬುದ್ಧಿ ಓಡಿಸಿದರು. 1964ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಸೂರಿನ ಕೆಳಗೆ, ಹಾಲ್ ಒಳಗೇ ಆಡಿಸಿ ನೋಡಿದರು. 1965ಕ್ಕೆ ಗಂಟುಮೂಟೆ ಕಟ್ಟಿ ಮೆಂಫಿಸ್‌ಗೆ ಹೋದರು. ಇವತ್ತಿಗೂ ಅಲ್ಲೇ ಇದ್ದಾರೆ. ಗೋಥಮ್‌ನವರಿಗೆ ಆ ದಾರಿಯೂ ಇರಲಿಲ್ಲ. ಹೆಸರೇ ಗೋಥಮ್, ಊರು ಬಿಟ್ಟು ಎಲ್ಲಿಗೆ ಹೋಗುವುದು?

ಸೀನ (ಸ್ಯಾನ್ ಹೊಸೆ)

ಚಳಿ ಇಲ್ಲದ ಊರಲ್ಲೂ ಇದೇ ಕಥೆ ಸ್ವಾಮಿ. ನಮ್ಮ ಸ್ಯಾನ್ ಹೊಸೆಯಲ್ಲಿ ಸಿಲಿಕಾನ್ ವ್ಯಾಲಿ ಕ್ಲಾಸಿಕ್ ಅಂತ ಒಂದು ಬೌಲ್ ಇತ್ತು. 2000ದಿಂದ 2004ರವರೆಗೆ, ಐದೇ ವರ್ಷ. ನಾವೆಲ್ಲ ಬೆಂಗಳೂರಿನಿಂದ ಬಂದು ಮೂರು ಮೂರು ಜನ ಒಂದೇ ಅಪಾರ್ಟ್‌ಮೆಂಟಿನಲ್ಲಿ ಇದ್ದ ಕಾಲ.

ಐದರಲ್ಲಿ ನಾಲ್ಕು ಸಲ ಫ್ರೆಸ್ನೋ ಸ್ಟೇಟ್ ಆಡಿತು. ಫ್ರೆಸ್ನೋ ನಮ್ಮಿಂದ ಮೂರು ಗಂಟೆಯೊಳಗಿನ ದಾರಿ. ಅವರ ಜನ ಕೆಂಪು ಅಂಗಿ ಹಾಕಿಕೊಂಡು ಕಾರುಗಟ್ಟಲೆ ಬರುತ್ತಿದ್ದರು. 2001ರಲ್ಲಿ ಮಿಶಿಗನ್ ಸ್ಟೇಟ್ ಜೊತೆಗಿನ ಪಂದ್ಯ ನೋಡಿದ್ದೆ. 44–35ಕ್ಕೆ ಫ್ರೆಸ್ನೋ ಸೋತಿತು, ಆದರೆ ಅವರ ಡೇವಿಡ್ ಕಾರ್ ಎಲ್ಲ ಎಸೆತ ಸೇರಿ 500 ಯಾರ್ಡಿಗೂ ಜಾಸ್ತಿ ಎಸೆದ. ಮಿಶಿಗನ್ ಕಡೆ ಚಾರ್ಲ್ಸ್ ರಾಜರ್ಸ್ ಅಂತ ಒಬ್ಬ, ಅವನನ್ನು ಹಿಡಿಯುವವರೇ ಇರಲಿಲ್ಲ, 270 ಯಾರ್ಡ್. ಆಟದ ನಿಯಮ ನನಗೆ ಅರ್ಧ ಮಾತ್ರ ಗೊತ್ತಿತ್ತು. ಆದರೂ ಎದ್ದು ನಿಂತು ಕೂಗಿದೆ. ಮಾರನೇ ವರ್ಷ ದುಡ್ಡಿಗೆ ಆಡುವವರ ಲೀಗ್ ಎನ್‌ಎಫ್‌ಎಲ್‌ಗೆ ಆಟಗಾರರನ್ನು ಆರಿಸುವಾಗ ಮೊದಲ ಹೆಸರೇ ಕಾರ್.

2004ರಲ್ಲಿ ಬಂದವರು ನಾರ್ದರ್ನ್ ಇಲಿನಾಯ್ ಮತ್ತು ಅಲಬಾಮಾದ ಟ್ರಾಯ್. ಆಫೀಸಿನಲ್ಲಿ ಯಾರೋ ಟಿಕೆಟ್ ಸುಮ್ನೆ ಹಂಚುತ್ತಿದ್ದರು ಅಂತ ಹೋದೆ. ನಾನು ಕೂತ ಸಾಲಿನಲ್ಲಿ ನಾನು ಮತ್ತು ನನ್ನ ಜಾಕೆಟ್. ಜಾಕೆಟ್ಟಿಗೂ ಒಂದು ಸೀಟ್ ಕೊಟ್ಟಿದ್ದೆ. ಮುಂದಿನ ವರ್ಷ ಕಾಲೇಜ್ ಆಟಗಳ ಸಂಸ್ಥೆ ಎನ್‌ಸಿಎಎ ಒಪ್ಪಿಗೆ ಕೊಡಲಿಲ್ಲ, ಬಾಗಿಲು ಮುಚ್ಚಿತು. ಹತ್ತಿರದ ತಂಡ ಇರುವ ತನಕ ಉಸಿರಾಡಿತು ಅಷ್ಟೇ.

ಬಣ್ಣದ ಪೆಟ್ಟಿಗೆ (ಗದಗ)

ಎಲ್ಲರೂ ಜನ ಯಾಕೆ ಬರಲಿಲ್ಲ ಅಂತ ಮಾತಾಡುತ್ತಿದ್ದೀರಿ. ನನಗೆ ಆ ಚೆಕ್ಕಿನ ಕಥೆಯೇ ಇಷ್ಟವಾಯಿತು. ನಾಟಕ ಕಂಪನಿಯಲ್ಲಿ ಎಂಟು ವರ್ಷ ಇದ್ದೆ. ಒಂದು ಜಾತ್ರೆಯಲ್ಲಿ ಆಟ ಆಡಿಸಿದವರು ಬೆಳಗ್ಗೆ ದುಡ್ಡು ಅಂದರು. ಬೆಳಗ್ಗೆ ಎದ್ದರೆ ಅವರೂ ಇಲ್ಲ, ದುಡ್ಡೂ ಇಲ್ಲ. ಆಮೇಲೆ ನಮ್ಮ ಮಾಲೀಕರು ಮುಂಗಡ ಕೈಗೆ ಬೀಳದೆ ಯಾರಿಗೂ ಬಣ್ಣ ಹಚ್ಚಲು ಬಿಡಲಿಲ್ಲ. ನೆಬ್ರಾಸ್ಕಾದವರು ಶಾಣ್ಯಾ ಮಂದಿ. ಹಳ್ಳಿಯವರು ಅಂತ ಪಟ್ಟಣದವರು ಯಾಮಾರಿಸಲು ಆಗಲಿಲ್ಲ.

ಗೋವಿನಜೋಳ

ಅಣ್ಣಾ, ಇಲ್ಲಿನವರಿಗೆ ಆ ಕಥೆ ಇಷ್ಟವಾಗುವುದೂ ಅದಕ್ಕೇ. 

ಹೊಸಬ ಅವರು ಇನ್ನೂ ಇದ್ದರೆ ಪಂದ್ಯದ ಬಗ್ಗೆ ನಾಲ್ಕು ಮಾತು. ಮಯಾಮಿಯ ಕ್ವಾರ್ಟರ್‌ಬ್ಯಾಕ್ ಜಾರ್ಜ್ ಮೀರಾ, ಅಂದರೆ ಚೆಂಡು ಎಸೆಯುವವನು. ಬಿಸಿಲೂರಿನ ಹುಡುಗ. ಆ ಚಳಿಯಲ್ಲಿ ಚೆಂಡು ಕಲ್ಲಾಗಿರುತ್ತದೆ, ಬೆರಳಿಗೆ ಹಿಡಿತ ಸಿಗುವುದಿಲ್ಲ. ಅಂಥದ್ದರಲ್ಲಿ ಒಟ್ಟು 321 ಯಾರ್ಡ್ ಎಸೆದ. ನೆಬ್ರಾಸ್ಕಾಕ್ಕೆ ಕೈ ಹಿಡಿದದ್ದು ವಿಲ್ಲಿ ರಾಸ್. ಮಯಾಮಿಯವರು ಒದ್ದ ಕಿಕ್‌ಆಫ್ ಹಿಡಿದು 92 ಯಾರ್ಡ್ ಓಡಿದ. ಹೆಪ್ಪುಗಟ್ಟಿದ ಮೈದಾನದಲ್ಲಿ, ಈ ತುದಿಯಿಂದ ಆ ತುದಿಗೆ. ಅಷ್ಟು ದೊಡ್ಡ ಸ್ಟೇಡಿಯಂ, ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದಾರೆ. ಓಡುವವನ ಕಾಲಿನ ಸದ್ದು ಮೇಲಿನ ಸಾಲಿಗೂ ಕೇಳಿರಬೇಕು ಅಂತ ನಾನು ಅಂದುಕೊಳ್ಳುತ್ತೇನೆ. ಕೊನೆಗೆ ಎರಡೇ ಅಂಕದ ಅಂತರ. ಮೀರಾ ಮತ್ತೆ ತಂಡವನ್ನು ಮುಂದೆ ತರುತ್ತಿದ್ದ. ಎಸೆದ ಚೆಂಡು ಹೋಗಿ ಸಿಕ್ಕಿದ್ದು ನೆಬ್ರಾಸ್ಕಾದ ಬಾಬ್ ಬ್ರೌನ್ ಕೈಗೆ. ದೈತ್ಯ ದೇಹದ ಆಳು, ಎದುರಾಳಿಗಳನ್ನು ತಳ್ಳುವುದೇ ಅವನ ಕೆಲಸ, ಚೆಂಡು ಹಿಡಿಯುವುದಲ್ಲ. ಆವತ್ತು ಹಿಡಿದ.

ಈಗ ನನ್ನ ಪ್ರಶ್ನೆಗೆ ನಾನೇ ಬರುತ್ತೇನೆ. ಸುಮಾ ಅಕ್ಕ ಹೇಳಿದ್ದು ಸರಿ, ನ್ಯೂಯಾರ್ಕಿಗೆ ಈ ಪಂದ್ಯ ಬೇಕಿರಲಿಲ್ಲ. ಆದರೆ ನೆಬ್ರಾಸ್ಕಾಕ್ಕೆ ಬೇಕಿತ್ತು. 1961ರಲ್ಲಿ ಇವರು ಗೆದ್ದದ್ದು ಮೂರೇ ಪಂದ್ಯ. ವಯೋಮಿಂಗ್‌ನಿಂದ ಬಾಬ್ ಡೆವೇನಿ ಅನ್ನುವ ಕೋಚ್ ಬಂದದ್ದು 1962ಕ್ಕೆ. ಅದಕ್ಕೆ ಮುಂಚೆ ಎರಡು ಬೌಲ್ ಆಡಿದ್ದರು, 1941ರ ರೋಸ್ ಮತ್ತು 1955ರ ಆರೆಂಜ್. ಎರಡೂ ಸೋಲು. ಈ ಖಾಲಿ ಸ್ಟೇಡಿಯಮ್ಮಿನ ಗೆಲುವೇ ಇವರ ಮೊದಲ ಬೌಲ್ ಗೆಲುವು. ಎಂಟು ವರ್ಷಕ್ಕೆ, 1970ರಲ್ಲಿ, ರಾಷ್ಟ್ರೀಯ ಚಾಂಪಿಯನ್. 1971ರಲ್ಲಿ ಮತ್ತೆ. ಲಿಂಕನ್ ಸ್ಟೇಡಿಯಂನಲ್ಲಿ ಟಿಕೆಟ್ ಪೂರ್ತಿ ಖರ್ಚಾಗಲು ಶುರುವಾದದ್ದೂ 1962ರ ನವೆಂಬರಿನಲ್ಲೇ. ಅಲ್ಲಿಂದ 400ಕ್ಕೂ ಹೆಚ್ಚು ಪಂದ್ಯ ಒಂದೂ ತಪ್ಪದೆ ಫುಲ್. ಪಂದ್ಯದ ದಿನ ಆ ಸ್ಟೇಡಿಯಮ್ಮೇ ರಾಜ್ಯದ ಮೂರನೇ ದೊಡ್ಡ ಊರು ಅನ್ನುತ್ತಾರೆ ಇಲ್ಲಿ.

ಲೆಕ್ಕದ ರಂಗ

ಸುಮಾ ಅವರಿಗೆ ಒಂದು ಪ್ರಶ್ನೆ. ನ್ಯೂಯಾರ್ಕಿಗೆ ಕಾಲೇಜ್ ಆಟ ಬೇಡ ಅಂತೀರಿ. ಹಾಗಾದರೆ 2010ರಿಂದ ಅಲ್ಲೇ ಪಿನ್‌ಸ್ಟ್ರೈಪ್ ಬೌಲ್ ಹೇಗೆ ನಡೆಯುತ್ತಿದೆ? ಅದೇ ಚಳಿ, ಹೊಸ ಯಾಂಕಿ ಸ್ಟೇಡಿಯಂ. ತಮಾಷೆ ನೋಡಿ, ಅದರ ಮೊದಲ ಪಂದ್ಯದಲ್ಲಿ ಸಿರಕ್ಯೂಸ್ 36, ಕ್ಯಾನ್ಸಸ್ ಸ್ಟೇಟ್ 34. ಗೋಥಮ್ ಬೌಲ್ ಕೊನೆಯಾದದ್ದೂ 36–34ಕ್ಕೇ. ನಿಲ್ಲಿಸಿದ ಜಾಗದಿಂದಲೇ ಎತ್ತಿಕೊಂಡ ಹಾಗೆ.

ಸುಮಾ

ಆ ಸ್ಕೋರ್ ನೋಡಿರಲಿಲ್ಲ, ಮೈ ಜುಂ ಅಂತು!

ಈಗಿನ ಬೌಲ್ ಬೇರೆ ವ್ಯವಹಾರ ರಂಗ. ಯಾವ ಲೀಗಿನ ತಂಡ ಬರಬೇಕು ಅಂತ ಮೊದಲೇ ಒಪ್ಪಂದ ಆಗಿರುತ್ತದೆ, 1960ರ ಹಾಗೆ ಹುಡುಕಿಕೊಂಡು ಅಲೆಯಬೇಕಿಲ್ಲ. ಟಿವಿಯಿಂದ ದುಡ್ಡು ಬರುತ್ತದೆ. ಕುರ್ಚಿ ಖಾಲಿ ಇದ್ದರೂ ಕ್ಯಾಮೆರಾ ಚಾಲೂ ಇರುತ್ತದೆ. ನಡೆಸುವವರು ಯಾಂಕೀಸ್ ಬೇಸ್‌ಬಾಲ್ ಸಂಸ್ಥೆಯವರೇ, ಮೈದಾನ ಅವರದೇ. ಊರಿನವರು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ನಡುವೆ 1978ರಿಂದ 1981ರವರೆಗೆ ನಮ್ಮ ಜರ್ಸಿ ಕಡೆ ಜಯಂಟ್ಸ್ ಸ್ಟೇಡಿಯಂನಲ್ಲಿ ಗಾರ್ಡನ್ ಸ್ಟೇಟ್ ಬೌಲ್ ಅಂತಲೂ ಒಂದು ಮಾಡಿ ನೋಡಿದ್ದರು. ಅದೂ ನಾಲ್ಕೇ ವರ್ಷಕ್ಕೆ ಮುಗಿಯಿತು.

ಗೋವಿನಜೋಳ

ಅಕ್ಕಾ, 2024ರ ಡಿಸೆಂಬರ್ 28ಕ್ಕೆ ಪಿನ್‌ಸ್ಟ್ರೈಪ್ ಆಡಿದ್ದು ನಮ್ಮವರೇ! ನೆಬ್ರಾಸ್ಕಾ 20, ಬಾಸ್ಟನ್ ಕಾಲೇಜ್ 15. ಎಂಟು ವರ್ಷದ ನಂತರ ಸಿಕ್ಕ ಮೊದಲ ಬೌಲ್. ನನಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ. ನೀವು ಹೋಗಿದ್ದಿರಾ?

ಸುಮಾ

ಹೋಗಿದ್ದೆ. ಜೊತೆಯ ಗೆಳತಿ ನೆಬ್ರಾಸ್ಕಾದವಳು, ಎಳೆದುಕೊಂಡು ಹೋದಳು. ಎಲ್ಲಿ ನೋಡಿದರೂ ಕೆಂಪು. ಗೋಥಮ್‌ಗೆ ಬಂದವರಿಗಿಂತ ಎಷ್ಟೋ ಪಾಲು ಜಾಸ್ತಿ ಜನ. ಅವರಲ್ಲಿ ನ್ಯೂಯಾರ್ಕಿನವರು ಎಷ್ಟು ಅಂತ ಕೇಳಬೇಡಿ, ನನ್ನ ವಾದವೇ ಗೆಲ್ಲುತ್ತದೆ.

ಪಂದ್ಯ ಮುಗಿದ ಮೇಲೆ ರಸ್ತೆ ದಾಟಿ ಹಳೇ ಯಾಂಕಿ ಸ್ಟೇಡಿಯಂ ಇದ್ದ ಜಾಗಕ್ಕೆ ಹೋದೆವು. ಅದನ್ನು ಕೆಡವಿ ಹೆರಿಟೇಜ್ ಫೀಲ್ಡ್ ಅಂತ ಮಾಡಿದ್ದಾರೆ, ಮಕ್ಕಳು ಬೇಸ್‌ಬಾಲ್ ಆಡುವ ಬಯಲು. ಸುತ್ತ ಬೇಲಿ. ಪೋಲೋ ಗ್ರೌಂಡ್ಸೂ ಇಲ್ಲ. ನದಿಯ ಆಚೆ ದಡದಲ್ಲಿ ಅದಿದ್ದ ಕಡೆ ಈಗ ಎತ್ತರದ ವಸತಿ ಕಟ್ಟಡಗಳು. ಗೋಥಮ್ ಬೌಲ್ ನಡೆದ ಎರಡೂ ಜಾಗ ಹೋಯಿತು.

ಬೇಲಿ ಹಿಡಿದುಕೊಂಡು ಒಬ್ಬರು ವಯಸ್ಸಾದವರು ನಿಂತಿದ್ದರು. ಕೆಂಪು ಕೋಟು, ಕೆಂಪು ಟೋಪಿ. ಇಲ್ಲೇ ಅಲ್ವಾ ಆ ಪಂದ್ಯ ಅಂತ ಗೆಳತಿ ಕೇಳಿದಳು. ಅವರು ಬಯಲಿನ ಮೂಲೆಗೆ ಕೈ ತೋರಿಸಿ, ವಿಲ್ಲಿ ರಾಸ್ ಆ ಕಡೆಯಿಂದ ಓಡಿಬಂದ ಅಂದರು. ಆಮೇಲೆ ವಿಮಾನದ ಕಥೆ ಶುರು ಮಾಡಿದರು. 161ನೇ ರಸ್ತೆಯ ಸ್ಟೇಷನ್ ತನಕ ಮಾತಾಡುತ್ತಲೇ ಬಂದರು.

ಗೋವಿನಜೋಳ

ಅಯ್ಯೋ ಅಕ್ಕಾ, ಮುಖ್ಯವಾದದ್ದು ಹೇಳಿ. ಚೆಕ್ಕಿನ ಮೊತ್ತ ಎಷ್ಟಂದರು?

ಸುಮಾ

ಅದನ್ನೇ ಕೇಳಬೇಕು ಅನ್ನುವಷ್ಟರಲ್ಲಿ ಅವರ ರೈಲು ಬಂತು.